ಘನ, ದ್ರವ, ಅನಿಲ: ಅಣುಗಳ ಚಿತ್ರವನ್ನು ಸರಿಯಾಗಿ ಬರೆಯುವುದು ಹೇಗೆ?

ಘನದಲ್ಲಿ ಅಣುಗಳು ಒತ್ತೊತ್ತಾಗಿ, ಅನಿಲದಲ್ಲಿ ದೂರದೂರವಾಗಿ, ದ್ರವದಲ್ಲಿ ಇವೆರಡರ ನಡುವೆ ಇರುತ್ತವೆ ಎಂದು ಬಾಯಿಪಾಠ ಮಾಡಿದವರು ಚಿತ್ರ ಬರೆಯಲು ಕುಳಿತಾಗ ದ್ರವದ ಅಣುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಹರಡಿಬಿಡುತ್ತಾರೆ. ನಾನು ತಿದ್ದಿದ ಚಿತ್ರಗಳಲ್ಲಿ ಹೆಚ್ಚಿನವು ಎಡವಿದ್ದು ಇಲ್ಲಿಯೇ. ನಾವು ದಿನವೂ ಕಾಣುವ ಯಾವ ದ್ರವವೂ ಹಾಗಿರುವುದಿಲ್ಲ.

ಬಿಳಿ ಹಾಳೆಯ ಮೇಲೆ 12 ಸೆಂ.ಮೀ. ಬದಿಯ ಮೂರು ಚೌಕಗಳನ್ನು ಎಳೆದುಕೊಳ್ಳಿ. ಅರ್ಧ ಸೆಂ.ಮೀ. ವ್ಯಾಸದ ವೃತ್ತವಿರುವ ಒಂದೇ ಅಚ್ಚನ್ನು ಮೂರಕ್ಕೂ ಬಳಸಿ. ಸ್ಥಿತಿ ಬದಲಾದರೆ ಅಣುವಿನ ಗಾತ್ರ ಬದಲಾಗುವುದಿಲ್ಲ.

ಮೊದಲನೆಯದು ಘನ. ಹತ್ತು ವೃತ್ತಗಳ ಸಾಲೊಂದನ್ನು ಬರೆದು, ಮೇಲಿನ ಸಾಲಿನ ವೃತ್ತಗಳು ಕೆಳಗಿನವುಗಳ ಸಂದಿಯಲ್ಲಿ ಕೂರುವಂತೆ ಹತ್ತು ಸಾಲು ಏರಿಸಿದರೆ ಮುಗಿಯಿತು.

ಎರಡನೆಯದಾದ ದ್ರವಕ್ಕೆ ತಾಳ್ಮೆ ಬೇಕು. ಅಲ್ಯೂಮಿನಿಯಂ ಕರಗಿದಾಗ ಅದರ ಗಾತ್ರ ಹಿಗ್ಗುವುದು ಸುಮಾರು ಶೇ 6ರಷ್ಟು; ಕಣದಿಂದ ಕಣಕ್ಕಿರುವ ದೂರದ ಲೆಕ್ಕದಲ್ಲಿ ಅದು ಶೇ 2ರಷ್ಟು ಮಾತ್ರ. ಅಂದರೆ ಕರಗಿದಾಗ ಮುಖ್ಯವಾಗಿ ಕೆಡುವುದು ಸಾಲಿನ ಶಿಸ್ತು, ಒತ್ತೊತ್ತಾಗಿರುವ ಗುಣವಲ್ಲ. ಆದ್ದರಿಂದ ಅದೇ ನೂರು ವೃತ್ತಗಳನ್ನು ಚೌಕದ ತಳದಿಂದ, ಎರಡೂ ಗೋಡೆಗಳನ್ನು ಮುಟ್ಟಿಸುತ್ತಾ ತುಂಬಿಸಿ. ಒಂದು ವೃತ್ತದ ಸುತ್ತ ಐದು, ಇನ್ನೊಂದರ ಸುತ್ತ ನಾಲ್ಕು, ಅಲ್ಲೊಂದು ಇಲ್ಲೊಂದರ ಸುತ್ತ ಆರು ನೆರೆಯ ವೃತ್ತಗಳಿರಲಿ. ಮೂರು ವೃತ್ತಗಳು ನೇರ ಸಾಲಿನಲ್ಲಿ ನಿಂತಂತೆ ಕಂಡರೆ ಮುಂದಿನದನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸಿ. ಬರೆದಾದ ಮೇಲೆ ಅಚ್ಚನ್ನು ಪ್ರತಿ ಸಂದಿಯ ಮೇಲೂ ಇಟ್ಟು ನೋಡಿ: ಇನ್ನೊಂದು ವೃತ್ತ ಹಿಡಿಸುವಷ್ಟು ಜಾಗ ಹತ್ತಾರು ಕಡೆ ಉಳಿದಿದ್ದರೆ ನೀವು ಬರೆದದ್ದು ದ್ರವವಲ್ಲ. ಘನದ ಚಿತ್ರವನ್ನೇ ನಕಲು ಮಾಡಿ ವೃತ್ತಗಳ ನಡುವಿನ ಅಂತರವನ್ನು ಹಿಗ್ಗಿಸುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ. ಸಿದ್ಧ ಗೋಡೆಚಿತ್ರಗಳಲ್ಲಿ ಕೆಲವನ್ನು ಹೀಗೆಯೇ ತಯಾರಿಸಿರುವುದರಿಂದ ಅವನ್ನು ಕೊಳ್ಳದಿರುವುದೇ ಒಳ್ಳೆಯದು.

ಈ ಎರಡು ಚಿತ್ರಗಳ ಕೆಳಗೆ ಮಂಜುಗಡ್ಡೆ, ನೀರು ಎಂದು ಬರೆಯಬಾರದು. ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ನಾಲ್ಕೇ ನೆರೆಯ ಅಣುಗಳನ್ನು ಹಿಡಿದುಕೊಂಡು ನಡುವೆ ಟೊಳ್ಳು ಜಾಗ ಬಿಡುತ್ತದೆ. ಕರಗಿದಾಗ ಆ ಟೊಳ್ಳು ಕುಸಿದು ಅಣುಗಳು ಇನ್ನೂ ಒತ್ತಾಗುತ್ತವೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದು ಇದರಿಂದಲೇ.

ಮೂರನೆಯದು ಅನಿಲ. ಇದಕ್ಕೆ ನೀರಿನ ಉದಾಹರಣೆ ಸಲ್ಲುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು ಸಾಮಾನ್ಯ ವಾಯುಒತ್ತಡದಲ್ಲಿ ಆವಿಯಾದಾಗ ಸುಮಾರು 1,600 ಪಟ್ಟು ಜಾಗವನ್ನು ಆವರಿಸುತ್ತದೆ. ಉದ್ದ, ಅಗಲ, ಎತ್ತರ ಮೂರಕ್ಕೂ ಅದನ್ನು ಹಂಚಿದರೆ ಅಣುಗಳ ನಡುವಿನ ದೂರ ಸುಮಾರು 12 ಪಟ್ಟಾಗುತ್ತದೆ. ಅರ್ಧ ಸೆಂ.ಮೀ.ನ ವೃತ್ತಕ್ಕೆ ಅದು 6 ಸೆಂ.ಮೀ.; ಹಾಗಾಗಿ ನಿಮ್ಮ ಚೌಕದಲ್ಲಿ ನಾಲ್ಕೇ ವೃತ್ತಗಳಿರಬೇಕು, ಅವೂ ಕ್ರಮವಿಲ್ಲದೆ. ಚೌಕ ಬರಿದಾಗಿ ಕಾಣುತ್ತದೆಂದು ಐದನೆಯದನ್ನು ಸೇರಿಸಬೇಡಿ.

ಕೊನೆಗೆ ಚಲನೆಯ ಗುರುತುಗಳು. ಘನದ ವೃತ್ತಗಳ ಪಕ್ಕದಲ್ಲಿ ನಡುಕವನ್ನು ತೋರಿಸುವ ಪುಟ್ಟ ಗೆರೆಗಳನ್ನೂ, ದ್ರವದಲ್ಲಿ ಒಂದರ ಪಕ್ಕ ಇನ್ನೊಂದು ನುಸುಳುವ ಗಿಡ್ಡ ಬಾಣಗಳನ್ನೂ, ಅನಿಲದಲ್ಲಿ ದಿಕ್ಕೂ ಉದ್ದವೂ ಬೇರೆ ಬೇರೆಯಾದ ನೇರ ಬಾಣಗಳನ್ನೂ ಹಾಕಿ. ವೃತ್ತಗಳ ನಡುವಿನ ಜಾಗಕ್ಕೆ ನೀಲಿಯನ್ನಾಗಲಿ ಬೇರೆ ಬಣ್ಣವನ್ನಾಗಲಿ ತುಂಬಬೇಡಿ. ಅಣುಗಳ ನಡುವೆ ಗಾಳಿಯೂ ಇಲ್ಲ, ನೀರೂ ಇಲ್ಲ. ಅಲ್ಲಿ ಹಾಳೆ ಬಿಳಿಯಾಗಿಯೇ ಉಳಿಯಬೇಕು.