ಶುಗರ್ ಇದ್ದರೆ ಕಾಲು ಉಳಿಸಿಕೊಳ್ಳುವುದು ಹೇಗೆ: ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಮಾತು

ಪಾದದಲ್ಲಿ ಹುಣ್ಣಾಗಿ ನನ್ನ ಹತ್ತಿರ ಡ್ರೆಸ್ಸಿಂಗ್‌ಗೆ ಬರುವವರು ಹೆಚ್ಚಾಗಿ ಹೇಳುವುದು, "ನೋವೇ ಇರಲಿಲ್ಲ ಸಿಸ್ಟರ್, ಸಾಕ್ಸ್ ಒದ್ದೆಯಾದಾಗಲೇ ಗೊತ್ತಾಗಿದ್ದು." ತೊಂದರೆ ಇರುವುದೇ ಅಲ್ಲಿ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರಗಳು ಕೆಡುತ್ತವೆ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ರಕ್ತನಾಳವೂ ಕಟ್ಟಿಕೊಂಡಿದ್ದರೆ ಗಾಯ ಮಾಯುವುದಿಲ್ಲ, ಕೀವು ಮೂಳೆಗೆ ಇಳಿಯುತ್ತದೆ. ಶುಗರ್‌ನಿಂದ ಕಾಲು ಕಳೆದುಕೊಂಡ ನೂರು ಜನರಲ್ಲಿ ಸುಮಾರು 85 ಮಂದಿಗೆ ಮೊದಲು ಆಗಿದ್ದು ಪಾದದ ಹುಣ್ಣು. ನೋವು ಹೇಳದ್ದನ್ನು ಕಣ್ಣಿನಿಂದಲೇ ಹುಡುಕಬೇಕು.

ದಿನಾ ರಾತ್ರಿ ಊಟ ಆದ ಮೇಲೆ ಪಾದ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಮೊಮ್ಮಗನ ಕೈಲಿ ಅಂಗಾಲಿನ ಫೋಟೋ ತೆಗೆಸಿ, ದೊಡ್ಡದು ಮಾಡಿ ನೋಡಿ. ಬೆರಳು ಬಿಡಿಸಿ ಸಂದು ನೋಡಿ, ಚರ್ಮ ಬೆಳ್ಳಗೆ ಮೆತ್ತಗಾಗುವುದು ಅಲ್ಲೇ. ಆಣಿಯ ಒಳಗೆ ಕಪ್ಪು, ಕೆಂಪು ಕಲೆ ಕಂಡರೆ ಕೆಳಗೆ ಹುಣ್ಣಿದೆ ಅಂತಲೇ ಲೆಕ್ಕ. ಎರಡೂ ಪಾದ ಮುಟ್ಟಿ. ಒಂದು ಮಾತ್ರ ಬಿಸಿಯಾಗಿ, ಕೆಂಪಗೆ ಊದಿದ್ದರೆ ನೋವಿಲ್ಲದಿದ್ದರೂ ನಡೆದಾಡಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ಹೆಂಗಸರು ಕಾಲುಂಗುರದ ಕೆಳಗೆ ನೋಡುವುದೇ ಇಲ್ಲ. ಬಿಗಿಯಾಗಿದ್ದರೆ ತೆಗೆಸಿಬಿಡಿ. ಅತ್ತೆ ಗೊಣಗಿದರೆ ಸಿಸ್ಟರ್ ಹೇಳಿದ್ದು ಅನ್ನಿ.

ಚಪ್ಪಲಿ ವಿಷಯದಲ್ಲಿ ನಾನು ಜಗಳಗಂಟಿ. ಮನೆಯೊಳಗೂ ಬೇಕು. ಹವಾಯಿ ಬೇಡ. ಬೆರಳ ಸಂದಿಯ ಪಟ್ಟಿ ಉಜ್ಜುತ್ತದೆ, ತೆಳು ಅಟ್ಟೆಯಲ್ಲಿ ಮೊಳೆ ಸೀದಾ ಒಳಗೆ ಬರುತ್ತದೆ. ಎಂಸಿಆರ್ ಚಪ್ಪಲಿ ಅಂತ ಕೇಳಿ. ಮೆತ್ತನೆ ರಬ್ಬರಿನದು, ಹಿಮ್ಮಡಿಗೂ ಪಟ್ಟಿ ಇರಲಿ. ಕುಷ್ಠ ಬಂದವರಿಗೂ ಇದನ್ನೇ ಕೊಡುತ್ತಾರೆ. ಅವರ ಪಾದವೂ ಜೋಮು ಹಿಡಿದಿರುತ್ತದೆ, ಅಲ್ವಾ? ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಶೂ ಆದರೆ ಹಾಕುವ ಮುಂಚೆ ಒಳಗೆ ಕೈಯಾಡಿಸಿ. ಗುಂಡುಪಿನ್ನು, ಮಾತ್ರೆ ಶೀಟಿನ ಚೂರು, ಮಗುವಿನ ಮಣಿ ಎಲ್ಲ ಸಿಕ್ಕಿದ್ದನ್ನು ಕಂಡಿದ್ದೇನೆ. ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಒಂದು ಪ್ರದಕ್ಷಿಣೆ ಹಾಕಿದರೂ ಅಂಗಾಲೆಲ್ಲ ಬೊಬ್ಬೆ.

ಉಗುರನ್ನು ನೇರವಾಗಿ ಕತ್ತರಿಸಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಹಚ್ಚಿ, ಬೆರಳ ಸಂದಿಗೆ ಬೇಡ. ಬಿಸಿನೀರಲ್ಲಿ ಕಾಲು ಅದ್ದಿ ಕೂರಬೇಡಿ. ಆಣಿಗೆ ಬ್ಲೇಡ್ ಹಾಕಬೇಡಿ, ಅಂಗಡಿಯ ಆಣಿ ಪಟ್ಟಿಯನ್ನೂ ಅಂಟಿಸಬೇಡಿ. ಅದರಲ್ಲಿನ ಆಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಬೀಡಿ, ಸಿಗರೇಟು ಬಿಡಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ವರ್ಷಕ್ಕೊಮ್ಮೆಯಾದರೂ ಡಾಕ್ಟರ ಹತ್ತಿರ ಪಾದದ ಸ್ಪರ್ಶ ಮತ್ತು ನಾಡಿ ಪರೀಕ್ಷೆ ಮಾಡಿಸಿ.

ಹುಣ್ಣು ಕಂಡರೆ ಶುದ್ಧ ನೀರಲ್ಲಿ ತೊಳೆದು, ಒಣ ಗಾಜ್ ಬಟ್ಟೆ ಸುತ್ತಿ, ಅವತ್ತೋ ಮರುದಿನವೋ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ. ನಾನು ಎಷ್ಟೇ ಚೆನ್ನಾಗಿ ಡ್ರೆಸ್ಸಿಂಗ್ ಮಾಡಿದರೂ ನೀವು ಅದೇ ಕಾಲಿನ ಮೇಲೆ ಭಾರ ಬಿಟ್ಟು ಓಡಾಡಿದರೆ ಮಾಯುವುದಿಲ್ಲ. ಜ್ವರ, ಕೆಟ್ಟ ವಾಸನೆ ಬಂದರೆ ಅಥವಾ ಬೆರಳು ಕಪ್ಪಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಬೆರಳು ತೆಗೆಯಬೇಕು ಅಂತ ಡಾಕ್ಟರ್ ಹೇಳಿದರೆ, ಕಾಲಿಗೆ ಡಾಪ್ಲರ್ (ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್) ಆಗಿದೆಯಾ, ಕಟ್ಟಿಕೊಂಡ ರಕ್ತನಾಳ ಬಿಡಿಸಲು ಆಗುತ್ತದಾ ಅಂತ ಕೇಳಿ. ಕೇಳುವುದು ತಪ್ಪಲ್ಲ. ಆದರೆ ಸೋಂಕು ಮೇಲೇರುತ್ತಿದೆ ಅಂದರೆ ಬೇರೆ ಊರು, ಬೇರೆ ಆಸ್ಪತ್ರೆ ಅಂತ ಸುಮ್ನೆ ಅಲೆಯುತ್ತಾ ದಿನ ಕಳೆಯಬೇಡಿ. ಬೆರಳಿನಲ್ಲಿ ಮುಗಿಯುವುದು ಮೊಣಕಾಲಿಗೆ ಬರುವುದು ಆಗಲೇ.