ಹರ ಹಾಚಿ ಬು: ಹತ್ತರಲ್ಲಿ ಎಂಟು ಪಾಲು ಊಟ

ಹೊಟ್ಟೆ ಹತ್ತರಲ್ಲಿ ಎಂಟು ಪಾಲು ತುಂಬಿದರೆ ಸಾಕು ಎಂಬುದು ಜಪಾನಿನ ಒಕಿನಾವಾ ದ್ವೀಪಗಳ ಹಿರಿಯರ ‘ಹರ ಹಾಚಿ ಬು’ ಎಂಬ ಊಟದ ಪದ್ಧತಿ. ಆ ಎಂಟನೇ ಪಾಲು ಗುರುತಿಸುವುದೇ ಕಷ್ಟ. ಹಸಿವು ಅಡಗಿದೆ, ಆದರೂ ಇನ್ನು ನಾಲ್ಕು ತುತ್ತು ಇಳಿಯುತ್ತದೆ ಅನ್ನಿಸುವ ಹೊತ್ತು ಅದು. ಅಲ್ಲಿಗೆ ನಿಲ್ಲಿಸಿ.

ಬಡಿಸಿಕೊಳ್ಳುವಾಗಲೇ ಅಳತೆ ಇರಲಿ: ಸುಮಾರು 150 ಗ್ರಾಂ ಅನ್ನ ಹಿಡಿಯುವ ಸಣ್ಣ ಬಟ್ಟಲು, ಜೊತೆಗೆ ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಸಾರು, ತರಕಾರಿ, ತೋಫು (ಸೋಯಾ ಹಾಲಿನ ಗಿಣ್ಣು). ಮತ್ತೆ ಬಡಿಸಿಕೊಳ್ಳುವ ಆಸೆಯಾಗದಂತೆ ಅಡುಗೆ ಪಾತ್ರೆಗಳು ಒಲೆಯ ಬಳಿಯೇ ಇರಲಿ. ತುತ್ತುಗಳ ನಡುವೆ ಚಾಪ್‌ಸ್ಟಿಕ್ ಕೆಳಗಿಡಿ. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು. ಗಬಗಬ ಉಂಡೆದ್ದರೆ ಲೆಕ್ಕ ತಪ್ಪುತ್ತದೆ. ಬೇಗನೆ ಮತ್ತೆ ಹಸಿವಾದರೆ ಕುರುಕಲಿಗೆ ಕೈ ಹಾಕದೆ, ಮರುದಿನ ತರಕಾರಿ, ತೋಫು ಹೆಚ್ಚಿಸಿ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.