ಅಜ್ಜನ ಪೆಟ್ಟಿಗೆಯ ಕಾಗದ ಆನ್‌ಲೈನ್‌ಗೆ ಏರಿಸುವುದು ಹೇಗೆ: ಕಾಸರಗೋಡಿನವರಿಗೆ

ಬೇಕಲ ಕೋಟೆ ಬಗ್ಗೆ ಬೇಕಾದಷ್ಟು ವೀಡಿಯೊ ಇವೆ, ಅದನ್ನು ಬಿಟ್ಟುಬಿಡಿ. ನಿಮ್ಮ ಮನೆಯ ಅಟ್ಟದಲ್ಲಿರುವ ಗೇಣಿಚೀಟಿ (ಗದ್ದೆಯನ್ನು ಗೇಣಿಗೆ ಹಿಡಿದ ಒಕ್ಕಲು ಒಡೆಯನಿಗೆ ಬರೆದುಕೊಟ್ಟ ಪತ್ರ) ಬಗ್ಗೆ ಒಂದೂ ಇಲ್ಲ ಅಲ್ವಾ? ಅಲ್ಲಿಂದ ಶುರು ಮಾಡಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಹಾಗಾಗಿ ಹಳೆ ಪತ್ರಗಳು ಹೆಚ್ಚಾಗಿ ಕನ್ನಡದಲ್ಲಿ, ಮನೆಯ ಮಕ್ಕಳು ಎಷ್ಟೋ ಕಡೆ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ. ಅದರ ಮೇಲೆ 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಕಾಗದಗಳನ್ನು ಇನ್ನು ಯಾತಕ್ಕೆ ಅಂತ ಒಲೆಗೆ ಹಾಕಿದವರೂ ಇದ್ದಾರೆ.

ಪೆಟ್ಟಿಗೆ ತೆರೆಯುವುದು ಮಳೆಗಾಲದಲ್ಲಿ ಬೇಡ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತೆರೆಯಿರಿ. ಬಿಸಿಲಿಗೆ ಒಣಹಾಕಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಕಿಟಕಿ ಹತ್ತಿರ ಚಪ್ಪಟೆಯಾಗಿ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋನಿನಲ್ಲೇ ಫೋಟೊ ತೆಗೆಯಿರಿ. ಪಕ್ಕದಲ್ಲೊಂದು ಸ್ಕೇಲ್ ಇರಲಿ. ಹಿಂಬದಿಯನ್ನೂ ತೆಗೆಯಿರಿ, ಬಾಕಿ ಲೆಕ್ಕ, ಸಾಕ್ಷಿ ಸಹಿ ಎಲ್ಲ ಎಷ್ಟೋ ಸಲ ಅಲ್ಲೇ ಇರುತ್ತದೆ.

ಇನ್ನು ಕಾಲ ಕಂಡುಹಿಡಿಯುವುದು. ನನಗೆ ಅತಿ ಇಷ್ಟದ ಕೆಲಸ ಇದೇ. ಪತ್ರದಲ್ಲಿ ಬರೀ 'ಪ್ರಭವ ಸಂವತ್ಸರ' ಅಂತ ಇದ್ದರೆ ಗಾಬರಿ ಬೇಡ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ ಪ್ರಭವ ಅಂದರೆ 1867, 1927 ಅಥವಾ 1987ರಲ್ಲಿ ಶುರುವಾದ ವರ್ಷ. ಈಗ ಛಾಪಾ ಕಾಗದದ ಮೇಲಿನ ತಲೆ ನೋಡಿ. ವಿಕ್ಟೋರಿಯಾ ರಾಣಿ ಇದ್ದರೆ 1867, ಐದನೇ ಜಾರ್ಜ್ ಇದ್ದರೆ 1927. ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಇಂಗ್ಲಿಷ್ ವರ್ಷ ಸಾಮಾನ್ಯವಾಗಿ ಒಂದು ಮುಂದೆ ಹೋಗಿರುತ್ತದೆ, ಅಂದರೆ 1868 ಅಥವಾ 1928. ಲೆಕ್ಕ ನಯಾ ಪೈಸೆಯಲ್ಲಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ. ಬಾಯಿಮಾತಿನ ಕಥೆಗಳನ್ನೂ ಹೀಗೇ ತೂಗಿ ನೋಡಬಹುದು. 'ಮಂಗಳೂರಿಗೆ ರೈಲು ಬಂದ ವರ್ಷ' ಅಂತ ಅಜ್ಜಿ ಹೇಳಿದರೆ 1907ರ ಆಸುಪಾಸು ಅಂತ ಗುರುತು ಹಾಕಿಕೊಳ್ಳಿ.

ಆಮೇಲೆ ಹಳೆ ಪುಸ್ತಕಗಳ ಉಚಿತ ಜಾಲತಾಣ ಇಂಟರ್ನೆಟ್ ಆರ್ಕೈವ್‌ಗೆ (archive.org) ಹೋಗಿ. ಸ್ಟರಕ್ ಬರೆದ 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಅಲ್ಲಿ ಉಚಿತವಾಗಿ ಸಿಗುತ್ತದೆ. 1801ರಲ್ಲಿ ಈ ದಾರಿಯಲ್ಲೇ ಹೋದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್‌ನ ಪ್ರವಾಸ ಕಥನವೂ ಇದೆ. ಹುಡುಕುವಾಗ ಊರಿನ ಈಗಿನ ಸ್ಪೆಲ್ಲಿಂಗ್ ಒಂದನ್ನೇ ನಂಬಬೇಡಿ. ಹಿಂದೆ ನಮ್ಮ ಕಾಸರಗೋಡು ಬೇಕಲ ತಾಲೂಕು ಆಗಿತ್ತು, ಆ ಹೆಸರಿನಲ್ಲೂ ಹುಡುಕಿ. ಕರಾವಳಿಯಲ್ಲಿ ಕೆಲಸ ಮಾಡಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಚಿತ್ರಸಂಗ್ರಹ ಕೂಡ ಆನ್‌ಲೈನ್‌ನಲ್ಲಿದೆ, ಒಂದು ಸಂಜೆ ಸುಮ್ನೆ ನೋಡಿದರೂ ನಷ್ಟವಿಲ್ಲ.

ಆದರೆ ಒಂದು ಮಾತು. ಗೇಣಿಚೀಟಿ ಒಡೆಯನ ಪೆಟ್ಟಿಗೆಯಲ್ಲಿ ಉಳಿದದ್ದು, ಅದು ಹೇಳುವುದು ಒಡೆಯನ ಲೆಕ್ಕ. ಇಷ್ಟು ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮೂಟೆ) ಅಕ್ಕಿ ಬಂತು, ಇಷ್ಟು ಬಾಕಿ, ಅಷ್ಟೇ. ಆ ಅಕ್ಕಿ ಹೊತ್ತು ತಂದವರ ಮನೆ ಈಗಲೂ ಗದ್ದೆಯ ಆಚೆ ಬದಿಯಲ್ಲೇ ಇರಬಹುದು. ಅಲ್ಲಿಗೂ ಹೋಗಿ. 'ಇತಿಹಾಸ ಹೇಳಿ' ಅಂದರೆ ಯಾರೂ ಬಾಯಿ ಬಿಡುವುದಿಲ್ಲ. 'ಅಕ್ಕಿ ಅಳೆಯುತ್ತಿದ್ದದ್ದು ಯಾರು, ಬೆಳೆ ಹೋದ ವರ್ಷ ಏನು ಮಾಡಿದಿರಿ' ಅಂತ ಕೇಳಿ. ತುಳುವೋ ಮಲಯಾಳವೋ ಬ್ಯಾರಿಯೋ, ಅವರಿಗೆ ಬರುವ ಭಾಷೆಯಲ್ಲೇ ಮಾತಾಡಲಿ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಎರಡು ಮನೆಯ ಮಾತು ತಾಳೆಯಾಗದಿದ್ದರೆ ಒಳ್ಳೆಯದೇ, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಓದುವವರನ್ನು ಹಿಡಿದು ಕೂರಿಸುವುದು ಆ ಜಾಗವೇ. ಬರಹ ಒಂದು ಕಾಗದದ ಬಗ್ಗೆ ಮಾತ್ರ ಇರಲಿ, ಇಡೀ ಸೀಮೆಯ ಚರಿತ್ರೆಗೆ ಕೈ ಹಾಕಬೇಡಿ.

ಏರಿಸುವಾಗ ವಾಟ್ಸಾಪ್ ಫಾರ್ವರ್ಡ್ ಸಾಲದು. ಅಲ್ಲಿ ಚಿತ್ರ ಮಸುಕಾಗುತ್ತದೆ, ನಾಳೆ ಹುಡುಕಿದರೆ ಸಿಗುವುದೂ ಇಲ್ಲ. ಮೂಲ ಫೋಟೊಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಅಥವಾ ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಫೈಲಿನ ಹೆಸರಲ್ಲಿ ವರ್ಷ, ಊರು, ಯಾವ ಬಗೆಯ ಪತ್ರ ಅನ್ನುವುದು ಬರಲಿ. ಜೊತೆಗೆ ಕನ್ನಡದಲ್ಲಿ ಪೂರ್ತಿ ಪಠ್ಯ ಟೈಪ್ ಮಾಡಿ, ಮಲಯಾಳದಲ್ಲಿ ನಾಲ್ಕು ಸಾಲಿನ ಸಾರಾಂಶ ಕೊಡಿ, ಊರಿನ ಹೊಸ ತಲೆಮಾರು ಹುಡುಕುವುದು ಆ ಲಿಪಿಯಲ್ಲೇ.

ಹಕ್ಕಿನ ವಿಷಯ. ನಮ್ಮ ದೇಶದಲ್ಲಿ ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಕಾಲದಲ್ಲೇ ಅಚ್ಚಾದ ಬರಹಗಳು 2024ರಿಂದ ಎಲ್ಲರವು. ಕೋರ್ಟಿನಲ್ಲಿರುವ ಜಾಗದ ಪತ್ರ, ಬದುಕಿರುವವರ ಸಾಲದ ಚೀಟಿ, ದೈವಸ್ಥಾನದ ಒಳಗಿನ ಲೆಕ್ಕ ಇವುಗಳನ್ನು ಸಂಬಂಧಪಟ್ಟವರು ಒಪ್ಪದೆ ಹಾಕಲೇಬೇಡಿ. ಫೋಟೊ ತೆಗೆದು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಸಾಕು.